ಕೃತ್ತಿಕೆ ಮಳೆಯ ಚುಕ್ಕಿ

ಮೇ ತಿಂಗಳ ಎರಡನೆಯ ವಾರ ಬಂತೆಂದರೆ ನಮ್ಮ ಕಂಪಲಾಪುರದ ಟೀ ಅಂಗಡಿಗಳಲ್ಲಿ ಒಂದೇ ಮಾತು: "ಭರಣಿ ಕೈಕೊಡ್ತು, ಕೃತ್ತಿಕೆನಾದ್ರೂ ಹುಯ್ತದಾ?" ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಊರು ನಮ್ಮದು. ಸುತ್ತಲೂ ಹೊಗೆಸೊಪ್ಪಿನ ಹೊಲಗಳು. ಸೊಪ್ಪು ಮಾರಲು ಊರಿನಲ್ಲೇ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಮಡಿಯಲ್ಲಿ ಬೆಳೆದು ನಿಂತ ಸಸಿ ಒಂದು ಕಡೆ, ಉತ್ತು ಬಿಟ್ಟ ಹೊಲ ಇನ್ನೊಂದು ಕಡೆ, ನಡುವೆ ಆಕಾಶ ನೋಡುತ್ತ ನಿಂತ ರೈತ. ಅವನು ಕಾಯುವುದು ಬರೀ ಮಳೆಯನ್ನಲ್ಲ, ಹೆಸರಿರುವ ಮಳೆಯನ್ನು.

ಆ ಹೆಸರುಗಳು ನನಗೆ ಅಆಇಈಗಿಂತ ಮೊದಲೇ ಬಂದವು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ, ಅಸಲೆ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮವ್ವ ಇವನ್ನು ಕಾಳು ಎಣಿಸಿದಂತೆ ಒಂದೊಂದಾಗಿ ಹೇಳುತ್ತಿದ್ದಳು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ಆದರೆ ಆರಿದ್ರೆ ಇಲ್ಲದಿದ್ದರೆ ದರಿದ್ರೆ, ಮಘೆ ಮಳೆ ಬಂದಷ್ಟೂ ಒಳ್ಳೇದು ಮನೆ ಮಗ ಉಂಡಷ್ಟೂ ಒಳ್ಳೇದು ಎಂದು ಒಂದೊಂದು ಹೆಸರಿಗೂ ಒಂದು ಗಾದೆ ಗಂಟು ಹಾಕಿರುತ್ತಿದ್ದಳು. ಹೀಗಾಗಿ ಬಹಳ ವರ್ಷ ನಾನು ಕೃತ್ತಿಕೆ ಎಂದರೆ ಮಳೆಯ ಹೆಸರು ಎಂದೇ ತಿಳಿದಿದ್ದೆ. ಅದು ಆಕಾಶದಲ್ಲಿ ಕಾಣುವ ಚುಕ್ಕಿ, ಬೆರಳು ಚಾಚಿ ತೋರಿಸಬಹುದಾದದ್ದು ಎಂದು ಯಾರೂ ಹೇಳಲಿಲ್ಲ.

ಆ ಚುಕ್ಕಿಯನ್ನು ಮಾತ್ರ ನಾನು ನೋಡಿದ್ದೆ, ಹೆಸರು ಗೊತ್ತಿಲ್ಲದೆ. ಸೊಪ್ಪು ಕಿತ್ತು, ಕಡ್ಡಿಗೆ ಕಟ್ಟಿ, ಒಣಗಿಸಿ ಹದ ಮಾಡುವ ಬ್ಯಾರನ್‌ಗೆ ಏರಿಸಿದ ಮೇಲೆ ಐದಾರು ದಿನ ಹಗಲು ರಾತ್ರಿ ಒಲೆ ಆರುವಂತಿಲ್ಲ. ಮೊದಲು 90, 100 ಡಿಗ್ರಿಯ ಆಸುಪಾಸಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಎಲೆ ಒಣಗಬೇಕು. ಕೊನೆಗೆ 160ರವರೆಗೆ ಏರಿಸಿ ನಡುವಿನ ದಂಟು ಒಣಗಿಸಬೇಕು. ಇದೆಲ್ಲ ಫ್ಯಾರನ್‌ಹೀಟ್ ಲೆಕ್ಕ. ಶಾಖ ಒಮ್ಮೆಲೇ ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ಆದ್ದರಿಂದ ರಾತ್ರಿಯೆಲ್ಲ ಒಬ್ಬರಲ್ಲ ಒಬ್ಬರು ಒಲೆಯ ಮುಂದೆ ಕೂರಬೇಕು, ಗಾಜಿನ ಕಿಂಡಿಗೆ ಟಾರ್ಚ್ ಬಿಟ್ಟು ಥರ್ಮಾಮೀಟರ್ ನೋಡಬೇಕು. ಉತ್ತರೆ ಮಳೆ ಬಿಡುವು ಕೊಟ್ಟ ಸೆಪ್ಟೆಂಬರ್ ರಾತ್ರಿಗಳಲ್ಲಿ ಅವ್ವನ ಜೊತೆ ನಾನೂ ಗೋಣಿಚೀಲ ಹೊದ್ದು ಕೂರುತ್ತಿದ್ದೆ. ಮನೆಯ ಗಡಿಯಾರ ಮನೆಯಲ್ಲಿರುತ್ತಿತ್ತು. ಅವ್ವ ಅಂಗಳಕ್ಕೆ ಬಂದು ಮೇಲೆ ನೋಡಿ ಹೇಳುತ್ತಿದ್ದಳು: "ಗೊಂಚಲು ನೆತ್ತಿಗೆ ಬಂತು ಮಗ. ಇನ್ನೇನು ಕೋಳಿ ಕೂಗ್ತದೆ. ಒಂದು ಸೌದೆ ತಳ್ಳು."

ಗೊಂಚಲು ಎಂದರೆ ಪುಟ್ಟ ಪುಟ್ಟ ಚುಕ್ಕಿಗಳ ಒಂದು ಗುಂಪು. ಅಂಗೈಯಲ್ಲಿ ಹಿಡಿದ ಹಿಡಿ ರಾಗಿಯನ್ನು ಒಂದೇ ಕಡೆ ಚೆಲ್ಲಿದ ಹಾಗೆ. ಸೆಪ್ಟೆಂಬರ್ ನಡುವಿನಲ್ಲಿ ಬೆಳಗಿನ ಜಾವ ನಾಲ್ಕು ಕಳೆದ ಮೇಲೆ ಅದು ನಮ್ಮ ತಲೆಯ ಮೇಲೇ ಬಂದು ನಿಲ್ಲುತ್ತದೆ. ಅವ್ವ ಮಳೆಗೆ ಕೃತ್ತಿಕೆ ಎನ್ನುತ್ತಿದ್ದಳು, ಚುಕ್ಕಿಗೆ ಗೊಂಚಲು ಎನ್ನುತ್ತಿದ್ದಳು. ಎರಡೂ ಒಂದೇ ಎಂಬುದು ಅವಳಿಗೂ ತಿಳಿದಿರಲಿಲ್ಲ.

ನನಗೆ ಅದು ತಿಳಿದದ್ದು ನಮ್ಮ ಅಣ್ಣನ ಮಗಳಿಂದ. ಅವಳು ಡಾಕ್ಟರ್ ಓದಲು ಕಿರ್ಗಿಸ್ತಾನದ ಬಿಷ್ಕೆಕ್‌ಗೆ ಹೋಗಿದ್ದಾಳೆ. ಚಳಿಗಾಲದ ರಜೆಯಲ್ಲಿ ಜೊತೆಗೆ ಓದುವ ಹುಡುಗಿಯ ಊರಿಗೆ, ಇಸಿಕ್ ಕುಲ್ ಸರೋವರದ ದಡದ ಚೋಲ್ಪೋನ್ ಆತಕ್ಕೆ ಹೋಗಿದ್ದಳು. ಜನವರಿಯ ಒಂದು ರಾತ್ರಿ ಅಲ್ಲಿಂದಲೇ ಫೋನ್ ಮಾಡಿದಳು.

"ಚಿಕ್ಕಪ್ಪಾ, ಇಲ್ಲಿ ಚುಕ್ಕಿಗೆ ಏನಂತಾರೆ ಗೊತ್ತಾ? ಜಿಲ್ದಿಜ಼್ ಅಂತಾರೆ. ಹುಡುಗೀರಿಗೂ ಆ ಹೆಸರಿಡ್ತಾರೆ."

"ನಮ್ಮಲ್ಲಿ ತಾರಾ ಅಂತ ಇಡಲ್ವೇನವ್ವ, ಹಂಗೇ."

"ಗೆಳತಿ ಅಜ್ಜಿ ಆಕಾಶದಲ್ಲಿ ಒಂದು ಗೊಂಚಲು ತೋರಿಸಿದ್ರು. ನಮ್ಮಜ್ಜಿ ತೋರಿಸ್ತಿದ್ರಲ್ಲ, ಅದೇ. ಇವರು ಉರ್ಕೋರ್ ಅಂತಾರೆ. ಬೇಸಿಗೇಲಿ ನಲವತ್ತು ದಿನ ಅದು ನೆಲಕ್ಕೆ ಇಳಿದುಬಿಡುತ್ತಂತೆ, ಆಮೇಲೆ ಮತ್ತೆ ಮೇಲೆ ಹತ್ತುತ್ತಂತೆ. ನೀನು ಈಗ ಆಚೆಗೆ ಬಾ, ಕಾಣ್ತದಾ ನೋಡು."

ಅಂಗಳಕ್ಕೆ ಬಂದೆ. ರಾತ್ರಿ ಒಂಬತ್ತರ ಸಮಯ. ಗೊಂಚಲು ನೆತ್ತಿಯಿಂದ ತುಸು ಉತ್ತರಕ್ಕಿತ್ತು. ಅವಳು ತನಗೆ ದಕ್ಷಿಣಕ್ಕೆ ಕಾಣುತ್ತಿದೆ ಎಂದಳು. ಫೋನ್ ಇಟ್ಟ ಮೇಲೆ ಭೂಪಟ ತೆಗೆದು ನೋಡಿದೆ. ಕಂಪಲಾಪುರ ಪೂರ್ವ ರೇಖಾಂಶ 76ರ ಹತ್ತಿರ, ಚೋಲ್ಪೋನ್ ಆತ 77ರ ಹತ್ತಿರ. ನಮ್ಮೂರಿನಿಂದ ನೇರ ಉತ್ತರಕ್ಕೆ, ದಖ್ಖನ್ ದಾಟಿ, ಹಿಮಾಲಯ ದಾಟಿ, ಗೆರೆ ಎಳೆದರೆ ಆ ಸರೋವರದ ದಡಕ್ಕೇ ಹೋಗಿ ಮುಟ್ಟುತ್ತದೆ. ಒಂದೇ ಗೆರೆಯ ಮೇಲೆ ನಾವಿಬ್ಬರೂ ನಿಂತಿದ್ದರಿಂದ ಒಂದೇ ಚುಕ್ಕಿ ಹೆಚ್ಚುಕಮ್ಮಿ ಒಂದೇ ಗಳಿಗೆಗೆ ಇಬ್ಬರಿಗೂ ಎತ್ತರಕ್ಕೆ ಬಂದಿತ್ತು. ನಡುವೆ ಇದ್ದದ್ದು ಸುಮಾರು 30 ಡಿಗ್ರಿ ಅಕ್ಷಾಂಶ, ಅಷ್ಟೆ.

ಆ ಅಜ್ಜಿ ಹೇಳಿದ ನಲವತ್ತು ದಿನದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಉರ್ಕೋರ್ ಎಂದರೆ ನಮ್ಮ ಕೃತ್ತಿಕೆ. ಅದು ನೆಲಕ್ಕೆ ಇಳಿಯುವುದು ಯಾವಾಗ? ಮೇ, ಜೂನ್‌ನಲ್ಲಿ. ನಮ್ಮಲ್ಲಿ ಕೃತ್ತಿಕೆ ಮಳೆ ಯಾವಾಗ? ಪಂಚಾಂಗದ ಪ್ರಕಾರ ಮೇ 11ರ ಸುಮಾರಿಗೆ ಹುಟ್ಟಿ 24ರವರೆಗೆ. ಮಳೆ ನಕ್ಷತ್ರದ ಲೆಕ್ಕವೇ ಅದು: ಸೂರ್ಯ ಯಾವ ನಕ್ಷತ್ರದ ಜಾಗದಲ್ಲಿ ನಿಂತಿದ್ದಾನೋ ಅದರ ಹೆಸರು ಆ 13, 14 ದಿನಗಳ ಮಳೆಗೆ. ಆಕಾಶದ ಸುತ್ತನ್ನು 27 ಪಾಲು ಮಾಡಿ, ಒಂದೊಂದು ಪಾಲನ್ನು ದಾಟಲು ಸೂರ್ಯನಿಗೆ ಬೇಕಾದ ಅವಧಿ ಅದು. ಸೂರ್ಯ ಕೃತ್ತಿಕೆಯ ಜೊತೆ ನಿಂತಾಗ ಕೃತ್ತಿಕೆ ಅವನ ಜೊತೆಗೇ ಮೂಡುತ್ತದೆ, ಅವನ ಜೊತೆಗೇ ಮುಳುಗುತ್ತದೆ. ರಾತ್ರಿ ಅದನ್ನು ಎಲ್ಲಿ ಹುಡುಕಿದರೂ ಇಲ್ಲ.

ಅಂದರೆ ನಾವು ಯಾವ ಚುಕ್ಕಿಯ ಹೆಸರು ಹಿಡಿದು ಮಳೆಯನ್ನು ಕರೆಯುತ್ತೇವೋ, ಆ ಚುಕ್ಕಿ ಆ ದಿನಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳದು. ಕೃತ್ತಿಕೆ ಮಳೆಯಲ್ಲಿ ಕೃತ್ತಿಕೆ ಇಲ್ಲ, ಸ್ವಾತಿ ಮಳೆಯಲ್ಲಿ ಸ್ವಾತಿಯೂ ಸಂಜೆಯ ಆಕಾಶದಿಂದ ಜಾರಿರುತ್ತದೆ. ಇದು ನನಗೆ ಹೊಳೆದ ದಿನ ನಮ್ಮ ಹಿರಿಯರ ಬಗ್ಗೆ ಗೌರವ ಇಮ್ಮಡಿಯಾಯಿತು. ಕಾಣದ ಚುಕ್ಕಿಯ ಹೆಸರನ್ನು ಹೇಳಬೇಕಾದರೆ, ಅದು ಎಂದು ಮರೆಯಾಯಿತು, ಎಂದು ಮತ್ತೆ ಬೆಳಗಿನ ಜಾವ ಮೂಡಿತು ಎಂದು ತಲೆಮಾರುಗಟ್ಟಲೆ ಕಾದು ನೋಡಿದವರೇ ಆಗಿರಬೇಕು. ಅತ್ತ ಕುರಿ, ಕುದುರೆ ಮೇಯಿಸುವ ಜನ "ಚುಕ್ಕಿ ನೆಲಕ್ಕೆ ಇಳಿಯಿತು" ಎಂದರು. ಇತ್ತ ಉಳುವ ಜನ "ಚುಕ್ಕಿ ಮಳೆಯಾಗಿ ಬಂತು" ಎಂದರು. ನೋಡಿದ್ದು ಒಂದನ್ನೇ.

ಅಂದಿನಿಂದ ಆ ಕಡೆಯ ಚುಕ್ಕಿ ಪದಗಳ ಬೆನ್ನು ಹತ್ತಿದೆ. ಟರ್ಕಿಯಲ್ಲಿ ಯಿಲ್ದಿಜ಼್, ಅಜರ್‌ಬೈಜಾನಿನಲ್ಲಿ ಉಲ್ದುಜ಼್, ಉಜ್ಬೆಕರಲ್ಲಿ ಯುಲ್ದುಜ಼್, ಕಜಾಕರಲ್ಲಿ ಜುಲ್ದಿಜ಼್, ವೋಲ್ಗಾ ತೀರದ ತಾತಾರರಲ್ಲಿ ಯೊಲ್ದಿಜ಼್, ಸೈಬೀರಿಯದ ಯಾಕುತರಲ್ಲಿ ಸುಲುಸ್. ಇಸ್ತಾಂಬುಲ್‌ನಿಂದ ಸೈಬೀರಿಯದ ಹಿಮದವರೆಗೆ ಸಾವಿರಾರು ಮೈಲಿ ಒಂದೇ ಪದ ನಡೆದು ಹೋಗಿದೆ. ಹೋದ ಕಡೆಯೆಲ್ಲ ಹೆಚ್ಚಾಗಿ ಮೊದಲ ಅಕ್ಷರ ಬಟ್ಟೆ ಬದಲಿಸಿದೆ. ಅದೂ ಮನಸ್ಸಿಗೆ ಬಂದಂತಲ್ಲ. ಏಳು ಎಂಬ ಸಂಖ್ಯೆಗೆ ಟರ್ಕಿಯಲ್ಲಿ ಯೆದಿ, ಕಿರ್ಗಿಸ್ತಾನದಲ್ಲಿ ಜೆತಿ, ಯಾಕುತರಲ್ಲಿ ಸೆತ್ತೆ. ಯ, ಜ, ಸ ಎಂಬ ಬದಲಾವಣೆ ಚುಕ್ಕಿಗೂ ಸಂಖ್ಯೆಗೂ ಒಂದೇ ರೀತಿ. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಹುಬ್ಬೆ ಮಳೆ. ಸಂಸ್ಕೃತದ ಪೂರ್ವಾ ಪುಬ್ಬೆಯಾಗಿ, ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ, ಪುಬ್ಬೆ ಹುಬ್ಬೆಯಾಯಿತು. ಆಶ್ಲೇಷಾ ಅಸಲೆಯಾಯಿತು, ಆರ್ದ್ರಾ ಆರಿದ್ರೆಯಾಯಿತು. ಬಾಯಿಂದ ಬಾಯಿಗೆ ಸವೆದು ನುಣುಪಾದ ಈ ಪದಗಳನ್ನು ತಪ್ಪು ಉಚ್ಚಾರಣೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಶ್ಲೇಷಾ ಪಂಚಾಂಗದ್ದು, ಅಸಲೆ ನಮ್ಮ ಹೊಲದ್ದು.

ಕನ್ನಡದ ಸ್ವಂತ ಪದ ಚುಕ್ಕಿ. ತೆಲುಗಿನವರು ಚುಕ್ಕ ಎನ್ನುತ್ತಾರೆ. ಅಂಗಳದ ರಂಗೋಲಿಗೆ ಮೊದಲು ಇಡುವುದೂ ಚುಕ್ಕಿ, ನಾಗರಹೊಳೆ ಕಾಡಿನ ಜಿಂಕೆಯ ಮೈಮೇಲಿರುವುದೂ ಚುಕ್ಕಿ, ಆಕಾಶದಲ್ಲಿರುವುದೂ ಚುಕ್ಕಿ. ತಮಿಳಿನಲ್ಲಿ ಚುಕ್ಕಿಗೆ ಮೀನ್ ಎಂಬ ಹಳೆಯ ಪದವಿದೆ, ವಿಣ್ಮೀನ್ ಎಂದರೆ ಬಾನಿನ ಮೀನು. ನಮ್ಮ ಮಿಂಚು, ಮಿನುಗು ಅದರ ನೆಂಟರು. ಕೃತ್ತಿಕೆಗೆ ಹಳೆಯ ತಮಿಳರು ಆರು ಮೀನು ಎಂದರು. ಸಿಂಧೂ ಮುದ್ರೆಗಳಲ್ಲಿ ಮತ್ತೆ ಮತ್ತೆ ಬರುವ ಮೀನಿನ ಚಿತ್ರ ಚುಕ್ಕಿಯ ಗುರುತಿರಬಹುದು ಎಂದು ಫಿನ್ಲೆಂಡಿನ ವಿದ್ವಾಂಸ ಆಸ್ಕೊ ಪರ್ಪೊಲ ಊಹಿಸಿದ್ದು ಈ ಪದದ ಆಧಾರದಿಂದಲೇ. ನಮ್ಮ ಹೆದ್ದಾರಿಯಲ್ಲೇ ಮುಂದೆ ಹೋದರೆ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರ ಮಾತಿನಲ್ಲಿ ಚುಕ್ಕಿಗೆ ಕರ್ಮ, ಕೃತ್ತಿಕೆಗೆ ಮಿಂಡ್ರುಕ್. ಆ ಪದದ ಬಾಲದಲ್ಲಿರುವ ಡ್ರುಕ್ ಎಂದರೆ ಆರು. ನಮ್ಮ ಷಣ್ಮುಖನನ್ನು ಸಾಕಿದ ಕೃತ್ತಿಕೆಯರೂ ಆರು ಮಂದಿ. ಅಣ್ಣನ ಮಗಳು ಆ ರಾತ್ರಿ ಎಣಿಸಿದಾಗ ಅವಳಿಗೆ ಆರು ಕಂಡವಂತೆ. ನನ್ನ ಕಣ್ಣಿಗೆ ಈಗ ಐದೇ.

ಪದಗಳಿಗಿಂತ ಹೆಚ್ಚು ನನ್ನನ್ನು ಬೆರಗುಗೊಳಿಸಿದ್ದು ಕಥೆಗಳು. ಮಹಾಭಾರತದ ವನಪರ್ವದಲ್ಲಿ ಸ್ಕಂದನ ಹುಟ್ಟಿನ ಕಥೆ ಬರುತ್ತದೆ. ಸಪ್ತರ್ಷಿಗಳ ಪೈಕಿ ಆರು ಮಂದಿ ತಮ್ಮ ಹೆಂಡಂದಿರನ್ನು ಸುಳ್ಳು ಅಪವಾದಕ್ಕೆ ತೊರೆಯುತ್ತಾರೆ. ಆ ಆರು ಹೆಂಗಸರು ಆಕಾಶದ ಇನ್ನೊಂದು ಮೂಲೆಯಲ್ಲಿ ಕೃತ್ತಿಕೆಯರಾಗುತ್ತಾರೆ. ವಸಿಷ್ಠರ ಪಕ್ಕ ಅರುಂಧತಿ ಒಬ್ಬಳೇ ಉಳಿಯುತ್ತಾಳೆ. ಸಪ್ತರ್ಷಿ ಮಂಡಲದ ಬಾಲದ ನಡುವಿನ ಚುಕ್ಕಿಗೆ ಆತುಕೊಂಡಿರುವ ಸಣ್ಣ ಚುಕ್ಕಿ ಅವಳು. ಕಜಾಕರು ಸಪ್ತರ್ಷಿ ಮಂಡಲವನ್ನು ಜೆತಿ ಕರಕ್ಷಿ, ಏಳು ದರೋಡೆಕೋರರು, ಎನ್ನುತ್ತಾರೆ. ಆ ದರೋಡೆಕೋರರು ಉರ್ಕೆರ್‌ನ ಅಂದರೆ ಕೃತ್ತಿಕೆಯ ಮಗಳನ್ನು ಹೊತ್ತೊಯ್ದರಂತೆ. ಹೊತ್ತೊಯ್ದ ಹುಡುಗಿ ಯಾವುದು? ಅದೇ ಸಣ್ಣ ಚುಕ್ಕಿ, ನಮ್ಮ ಅರುಂಧತಿ. ಒಂದು ಕಡೆ ಋಷಿಗಳು, ಇನ್ನೊಂದು ಕಡೆ ಕಳ್ಳರು. ಒಂದು ಕಡೆ ತೊರೆದ ಹೆಂಡಂದಿರು, ಇನ್ನೊಂದು ಕಡೆ ಕಳೆದುಹೋದ ಮಗಳು. ಆದರೆ ಎರಡೂ ಕಥೆಗಳು ಆಕಾಶದ ಅದೇ ಎರಡು ಗುಂಪುಗಳಿಗೆ ರಕ್ತಸಂಬಂಧ ಹಚ್ಚಿವೆ, ಅದೇ ಪುಟ್ಟ ಚುಕ್ಕಿಯ ಮೇಲೆ ಬೆರಳಿಟ್ಟಿವೆ. ಎರಡರಲ್ಲೂ ಇರುವುದು ಮನೆಯಿಂದ ಅಗಲಿದ ಹೆಣ್ಣಿನ ಸಂಕಟ.

ಧ್ರುವ ನಕ್ಷತ್ರದ್ದು ಇನ್ನೊಂದು ಮಾತು. 11ನೆಯ ಶತಮಾನದಲ್ಲಿ ಮಹಮೂದ್ ಕಾಶ್ಗರಿ ಎಂಬ ವಿದ್ವಾಂಸ ಈ ನೆಂಟ ನುಡಿಗಳನ್ನಾಡುವ ತುರ್ಕಿ ಜನರ ಬಾಯಿಮಾತುಗಳನ್ನು ಕೂಡಿಹಾಕಿ ಒಂದು ದೊಡ್ಡ ಪದಕೋಶ ಬರೆದ. ಕನ್ನಡದಲ್ಲಿ ಶ್ರೀಧರಾಚಾರ್ಯ 'ಜಾತಕ ತಿಲಕ' ಬರೆದ 1049ಕ್ಕೆ ಅದು ಒಂದು ತಲೆಮಾರು ಈಚಿನದು. ಅದರಲ್ಲಿ ಧ್ರುವಕ್ಕೆ ಕೊಟ್ಟ ಹೆಸರು ತೆಮೂರ್ ಕಾಜ಼ುಕ್, ಕಬ್ಬಿಣದ ಗೂಟ. ಕಜಾಕರು, ಕಿರ್ಗಿಜ಼ರು ಇಂದಿಗೂ ಅದನ್ನು ತೆಮಿರ್ ಕಾಜ಼ಿಕ್ ಎನ್ನುತ್ತಾರೆ. ಕುದುರೆಯನ್ನು ಗೂಟಕ್ಕೆ ಕಟ್ಟಿ ಮೇಯಲು ಬಿಟ್ಟರೆ ಅದು ಗೂಟದ ಸುತ್ತಲೇ ಸುತ್ತುತ್ತದೆ. ಚುಕ್ಕಿಗಳೂ ಹಾಗೇ ಧ್ರುವದ ಸುತ್ತ ಸುತ್ತುತ್ತವೆ. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಕಣದ ಮೇಟಿ. ಸಗಣಿಯಿಂದ ಸಾರಿಸಿದ ಕಣದ ನಟ್ಟನಡುವೆ ಮೇಟಿ ಕಂಬ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು, ಸುತ್ತಿ ಸುತ್ತಿ ತೆನೆ ತುಳಿಯುವುದು. ಭಾಗವತದ ಐದನೆಯ ಸ್ಕಂಧದಲ್ಲಿ ಗ್ರಹ, ನಕ್ಷತ್ರಗಳು ಧ್ರುವನ ಸುತ್ತ ತಿರುಗುವುದಕ್ಕೆ ಕೊಟ್ಟ ಹೋಲಿಕೆ ಇದೇ: ಮೇಟಿ ಕಂಬಕ್ಕೆ ಕಟ್ಟಿದ ಎತ್ತುಗಳು. ಬೇಸಾಯಕ್ಕೆ ನಾವು ಇಟ್ಟ ಹೆಸರೂ ಮೇಟಿ ವಿದ್ಯೆ. ಕುದುರೆ ಸಾಕಿದವರಿಗೆ ಗೂಟ ಕಂಡಿತು, ರಾಗಿ, ಭತ್ತ ಒಕ್ಕಿದವರಿಗೆ ಮೇಟಿ ಕಂಡಿತು. ಕೈ ಮಾಡುವ ಕೆಲಸವನ್ನೇ ಕಣ್ಣು ಆಕಾಶದಲ್ಲೂ ಕಾಣುತ್ತದೆ.

ಅಲ್ಲಿಯವರಿಗೆ ಆ ಗೂಟ ದಿನನಿತ್ಯದ ಮಾತಾಗಲು ಇನ್ನೊಂದು ಕಾರಣವೂ ಇದೆ. ಧ್ರುವ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಅದೇ ಆ ಊರಿನ ಅಕ್ಷಾಂಶ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಕಂಪಲಾಪುರದಲ್ಲಿ ಧ್ರುವ ಒಂದು ಮುಷ್ಟಿಗಿಂತ ತುಸು ಮೇಲೆ, ತೆಂಗಿನ ತೋಟದ ಮರೆಯಲ್ಲಿ. ಇಸಿಕ್ ಕುಲ್‌ನಲ್ಲಿ ನಾಲ್ಕು ಮುಷ್ಟಿಗೂ ಮೇಲೆ, ರಾತ್ರಿಯಿಡೀ ಕಣ್ಣೆದುರು.

ಆ ಸರೋವರದ ದಡದ ಊರಿನ ಹೆಸರಿನಲ್ಲಿರುವ ಚೋಲ್ಪೋನ್ ಎಂದರೆ ಶುಕ್ರ. ನಾವು ಬೆಳ್ಳಿ ಎನ್ನುತ್ತೇವೆ. ಬೆಳ್ಳಿ ಮೂಡಿತು ಎಂದರೆ ಏಳುವ ಹೊತ್ತಾಯಿತು ಎಂದರ್ಥ. ಟರ್ಕಿಯವರು ಅದನ್ನು ಕುರುಬನ ಚುಕ್ಕಿ ಎನ್ನುತ್ತಾರೆ. ನಾವು ಆಕಾಶಗಂಗೆ ಎನ್ನುವುದಕ್ಕೆ ಅವರ ಹೆಸರು ಹುಲ್ಲಿನ ಹಾದಿ. ಕಿರ್ಗಿಜ಼ರಿಗೆ ಅದು ಹುಲ್ಲು ಹೊತ್ತವನ ಹಾದಿ. ಒಣಹುಲ್ಲು ಹೊತ್ತು ಹೋದವನ ಹಿಂದೆ ಉದುರಿದ ಎಳೆಗಳೇ ಆ ಬೆಳಕು. ರಾಗಿ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಓಡಾಡಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣಗಳು ಮಾಯವಾಗಿ ಒಕ್ಕಣೆ ಡಾಂಬರು ರಸ್ತೆಗೆ ಬಂದಿದೆ. ಬಸ್ಸು, ಲಾರಿಗಳು ತೆನೆ ತುಳಿದು ಹೋದ ಮೇಲೆ ರಾತ್ರಿ ದೀಪದ ಬೆಳಕಿನಲ್ಲಿ ರಸ್ತೆಯುದ್ದಕ್ಕೂ ಹುಲ್ಲಿನ ಎಳೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ. ಟರ್ಕಿಯಲ್ಲಿ ತಂಬಾಕಿಗೆ ತುತುನ್ ಎನ್ನುತ್ತಾರೆ. ಆ ಪದದ ಮೂಲ ಅರ್ಥ ಹೊಗೆ. ನಮ್ಮದು ಹೊಗೆಸೊಪ್ಪು. ಪರದೇಶದಿಂದ ಬಂದ ಎಲೆಗೆ ಇಬ್ಬರೂ ತಮ್ಮ ಮನೆಯ ಪದವನ್ನೇ ಕೊಟ್ಟು ಒಳಗೆ ಕರೆದುಕೊಂಡರು.

ತಿಂಗಳ ಲೆಕ್ಕದಲ್ಲೂ ಇಬ್ಬರಿಗೂ ಕೃತ್ತಿಕೆ ಬೇಕು. ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಬಳಿ ನಿಲ್ಲುವ ತಿಂಗಳನ್ನು ನಾವು ಕಾರ್ತಿಕ ಎಂದೆವು. ಮುಂದಿನ ತಿಂಗಳುಗಳಲ್ಲಿ ಚಂದ್ರ ಕೃತ್ತಿಕೆಯನ್ನು ಸೇರುವುದು ಸುಮಾರು ಎರಡೆರಡು ದಿನ ಮೊದಲೇ ಆಗುತ್ತ ಬಂದು, ಯುಗಾದಿ ಕಳೆದ ಮೂರು ನಾಲ್ಕು ದಿನಕ್ಕೆ ಎಳೆ ಚಂದ್ರ ಪಡುವಣದಲ್ಲಿ ಅದರ ಪಕ್ಕ ಕಾಣುತ್ತಾನೆ. ಕಿರ್ಗಿಜ಼ರ ಕುರಿಗಾಹಿಗಳು ಈ ಕೂಡುವಿಕೆಯನ್ನೇ ಎಣಿಸಿ ಚಳಿಗಾಲ ಕಳೆಯುತ್ತಿದ್ದರು. ಚಂದ್ರನ ಒಂಬತ್ತನೆಯ ದಿನ ಕೂಡಿದರೆ ಅದು ಒಂಬತ್ತರ ತಿಂಗಳು, ಏಳನೆಯ ದಿನವಾದರೆ ಏಳರ ತಿಂಗಳು. ಹೀಗೆ ಐದು, ಮೂರು, ಒಂದು ಎಂದು ಇಳಿಯುತ್ತ ಬಂದರೆ ವಸಂತ ಬಾಗಿಲಿಗೆ ಬಂದಂತೆ.

ಇಷ್ಟನ್ನೆಲ್ಲ ಬರೆಯಲು ಕಾರಣ ಒಂದು ನೋವು. ಮಳೆ ನಕ್ಷತ್ರಗಳ ಹೆಸರು ನಮ್ಮ ಊರಿನಲ್ಲಿ ಇನ್ನೂ ಗಟ್ಟಿಯಾಗಿದೆ. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ ಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತದೆ, ಗಾದೆಗಳು ಬಾಯಲ್ಲಿವೆ. ಆದರೆ ಹೆಸರು ಹೇಳುವ ಹತ್ತು ಮಂದಿಯನ್ನು ಅಂಗಳಕ್ಕೆ ಕರೆದು "ರೋಹಿಣಿ ತೋರಿಸಿ, ಚಿತ್ತೆ ತೋರಿಸಿ" ಎಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಮದುವೆಯಲ್ಲಿ ಪುರೋಹಿತರು ಹಗಲಿನಲ್ಲೇ ಅರುಂಧತಿಯನ್ನು ತೋರಿಸುತ್ತಾರೆ. ಆ ದಂಪತಿ ರಾತ್ರಿ ಹೊರಗೆ ಬಂದು ನಿಜವಾದ ಅರುಂಧತಿಯನ್ನು ನೋಡಿದ್ದನ್ನು ನಾನು ಕಂಡಿಲ್ಲ. ಹೆಸರು ಉಳಿದು ನೋಟ ಹೋದರೆ ಪಹಣಿ ಉಳಿದು ಹೊಲ ಹೋದಂತೆ. ಅವ್ವನಿಗೆ ನೋಟವಿತ್ತು, ನೋಟಕ್ಕೂ ಹೆಸರಿಗೂ ಇದ್ದ ಗಂಟು ಮಾತ್ರ ಬಿಚ್ಚಿಹೋಗಿತ್ತು. ನಮ್ಮ ಮಕ್ಕಳಿಗೆ ಎರಡೂ ಇಲ್ಲದಂತಾಗಬಾರದು.

ಇದಕ್ಕೆ ದುರ್ಬೀನು ಬೇಡ, ದುಡ್ಡು ಬೇಡ. ಕಾರ್ತಿಕ ಹುಣ್ಣಿಮೆಯ ದಿನ ಚಂದ್ರನ ಹತ್ತಿರ ಹುಡುಕಿ, ಕೃತ್ತಿಕೆ ಅಲ್ಲೇ ಎಲ್ಲೋ ಇರುತ್ತದೆ; ಬೆಳದಿಂಗಳಿಗೆ ಮಂಕಾಗಿರುತ್ತದೆ, ಜಾಗ ಮಾತ್ರ ಗುರುತಿಟ್ಟುಕೊಳ್ಳಿ. ನಾಲ್ಕೈದು ದಿನ ಬಿಟ್ಟು, ರಾತ್ರಿ ಎಂಟರ ಹೊತ್ತಿಗೆ, ಚಂದ್ರ ಇನ್ನೂ ಮೂಡದಿರುವಾಗ ಅಂಗಳದ ದೀಪ ಆರಿಸಿ ಮಕ್ಕಳನ್ನು ಆಚೆಗೆ ಕರೆದುಕೊಂಡು ಬನ್ನಿ. ಪೂರ್ವಕ್ಕೆ ಗೊಂಚಲು ಕಾಣುತ್ತದೆ. ಎಷ್ಟು ಚುಕ್ಕಿ ಕಂಡವು ಎಂದು ಎಣಿಸಲು ಹೇಳಿ. ಮೇ ತಿಂಗಳಲ್ಲಿ ಸೊಪ್ಪಿನ ಸಸಿ ನಾಟಿಗೆ ಬರುವ ಮಳೆ ಇದರದೇ ಎಂದು ಹೇಳಿ. ಆಗ ಇದು ಕಾಣುವುದಿಲ್ಲ, ಈಗಲೇ ನೋಡಿಟ್ಟುಕೊಳ್ಳಿ ಎಂದೂ ಹೇಳಿ.